ಮಳವಲಿಯಿಂದ ಮಳವಲಿಗೆ

"ಭಾನುವಾರ ನಾವು ಮಳವಲಿಗೆ ಹೋಗಿ ಬರ್ತೇವೆ" ಎಂದು ಅಪ್ಪ ಊರಿನ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದರು. ಆ ಕಡೆಯಿಂದ ಚಿಕ್ಕಪ್ಪ, ಪುಣೆಯಿಂದ ಮಂಡ್ಯದ ಮಳವಳ್ಳಿಗೆ ಒಂದೇ ದಿನದಲ್ಲಿ ಹೋಗಿ ಬರುವುದು ಹೇಗೆ ಎಂದು ಕೇಳಿರಬೇಕು. "ಅಲ್ಲ ಮಾರಾಯ, ಇದು ಬೇರೆ. ಪುಣೆಯ ಲೋಕಲ್ ರೈಲಿನಲ್ಲಿ ಲೋನಾವಳಾಕ್ಕಿಂತ ಒಂದು ಸ್ಟೇಷನ್ ಮುಂಚೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಿಂದ ಎಲ್ಲಿಗೆ ಹೋಗುವುದು?" ಎಂದು ಕೇಳಿದರು. "ಅಲ್ಲಿಂದ ಗುಡ್ಡ ಸುತ್ತಿ ಮತ್ತೆ ಅಲ್ಲಿಗೇ" ಎಂದೆ. ಅಪ್ಪನಿಗೆ ಇದು ಸರಿ ಕಾಣಲಿಲ್ಲ. ಶಿರಸಿ ಕಡೆಯ ಹಳ್ಳಿಯಲ್ಲಿ ಶಾಲೆ ಮೇಷ್ಟ್ರಾಗಿ ದಿನಕ್ಕೆ ಎಂಟು ಕಿಲೋಮೀಟರ್ ನಡೆದವರು ಅವರು. ಹೊರಟಲ್ಲಿಗೇ ಬರಲು ಯಾರಾದರೂ ನಡೆಯುತ್ತಾರೆಯೇ?

ನಡೆಯುತ್ತಾರೆ. ನಮ್ಮಂಥ ನಗರದವರಿಗೆ ಅದೇ ಅನುಕೂಲ. ಬೆಳಿಗ್ಗೆ ಇಳಿದ ಸ್ಟೇಷನ್ನಿನಲ್ಲೇ ಸಂಜೆ ರೈಲು ಹತ್ತಬಹುದು, ಕಾರು ಬೇಕಿಲ್ಲ, ಒಂದೇ ದಾರಿಯನ್ನು ಎರಡು ಸಲ ನೋಡಬೇಕಾಗಿಯೂ ಇಲ್ಲ. ಆದರೆ ಇಂಥ ಸುತ್ತು ದಾರಿಗೆ ಒಂದು ಗುಣವಿದೆ. ಅದು ನನಗೆ ಗೊತ್ತಾದದ್ದು ಕಳೆದ ಅಕ್ಟೋಬರಿನಲ್ಲಿ, ಒಬ್ಬ ಗೆಳೆಯನ ಮೊಣಕಾಲಿನ ಖರ್ಚಿನಲ್ಲಿ. ಆ ಕಥೆ ಹೇಳುವ ಮುಂಚೆ ಜಾಗದ ಪರಿಚಯ ಮಾಡಿಕೊಡುತ್ತೇನೆ.

ಮಳವಲಿ ಇಂದ್ರಾಯಣಿ ಕಣಿವೆಯಲ್ಲಿದೆ. ಸ್ಟೇಷನ್ನಿನಿಂದ ದಕ್ಷಿಣಕ್ಕೆ ಹೊರಟು ಎಕ್ಸ್‌ಪ್ರೆಸ್‌ವೇ ಮೇಲಿನ ಸೇತುವೆ ದಾಟಿದರೆ ಭಾಜೆ ಎಂಬ ಹಳ್ಳಿ. ಹಳ್ಳಿಯ ನೆತ್ತಿಯ ಮೇಲೆ ಕ್ರಿಸ್ತಪೂರ್ವ ಎರಡನೆಯ ಶತಮಾನದ ಬೌದ್ಧ ಗುಹೆಗಳು. ಅವುಗಳ ಹಿಂದೆ ಎರಡು ಕೋಟೆಗಳು: ವಿಸಾಪುರ, ಎತ್ತರ 1084 ಮೀಟರ್, ಲೋಹಗಡ, 1033 ಮೀಟರ್. ಎರಡರ ನಡುವಿನ ತಗ್ಗಿಗೆ ಗಾಯಮುಖ ಖಿಂಡ ಎಂದು ಹೆಸರು. ಖಿಂಡ ಎಂದರೆ ಎರಡು ಗುಡ್ಡಗಳ ನಡುವಿನ ಸಂದು. ನಮ್ಮ 'ಕಿಂಡಿ'ಯ ಹಾಗೇ ಕೇಳುತ್ತದೆ, ನೆನಪಿಡುವುದು ಸುಲಭ. ಖಿಂಡದ ಪಕ್ಕದಲ್ಲೇ ಲೋಹಗಡವಾಡಿ ಎಂಬ ಪುಟ್ಟ ಊರು. ಅಲ್ಲಿಯವರೆಗೆ ವಾಹನ ಬರುವ ರಸ್ತೆ ಇದೆ. ಈ ರಸ್ತೆಯ ವಿಷಯ ನೆನಪಿನಲ್ಲಿರಲಿ.

ಇಷ್ಟೊಂದು ಗುಹೆ, ಕೋಟೆಗಳು ಒಂದೇ ಕಡೆ ಏಕೆ? ಕಾರಣ ಕಣಿವೆಯಲ್ಲೇ ಕಾಣುತ್ತದೆ. ಕೊಂಕಣದ ಬಂದರುಗಳಿಂದ ಬೋರ್ ಘಾಟ್ ಹತ್ತಿ ಬಯಲುಸೀಮೆಗೆ ಬರುವ ಹಳೆಯ ವ್ಯಾಪಾರದ ದಾರಿ ಇದು. ವ್ಯಾಪಾರಿಗಳು ಓಡಾಡಿದಲ್ಲಿ ಭಿಕ್ಷುಗಳಿಗೆ ದಾನ ಸಿಕ್ಕಿತು, ಗುಹೆಗಳು ಬಂದವು. ದಾರಿಯನ್ನು ಕಾಯುವವರಿಗೆ ಎತ್ತರದ ಜಾಗ ಬೇಕಿತ್ತು, ಕೋಟೆಗಳು ಬಂದವು. 1863ರಲ್ಲಿ ಘಾಟ್ ಹತ್ತಿ ರೈಲು ಬಂತು, 2002ರ ಹೊತ್ತಿಗೆ ಎಕ್ಸ್‌ಪ್ರೆಸ್‌ವೇ ಪೂರ್ತಿಯಾಯಿತು. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ರಾತ್ರಿ ಬಸ್ಸು ಹತ್ತಿ ಮುಂಬೈಗೆ ಹೋಗುವ ನಮ್ಮವರು ನಿದ್ದೆಯಲ್ಲಿ ದಾಟುವ ಕಣಿವೆ ಇದೇ.

ಲೋಹಗಡವನ್ನು ಶಿವಾಜಿ 1665ರ ಪುರಂದರ ಒಪ್ಪಂದದಲ್ಲಿ ಮೊಘಲರಿಗೆ ಬಿಟ್ಟುಕೊಟ್ಟು 1670ರಲ್ಲಿ ಮರಳಿ ಪಡೆದ. 2025ರ ಜುಲೈನಲ್ಲಿ ಯುನೆಸ್ಕೊ ಹನ್ನೆರಡು ಮರಾಠಾ ಕೋಟೆಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಲೋಹಗಡವೂ ಒಂದು. ವಿಸಾಪುರ ಆ ಪಟ್ಟಿಯಲ್ಲಿಲ್ಲ. ಆದರೆ ಲೋಹಗಡದ ಕೊನೆಯ ಕಥೆ ಬರೆದದ್ದು ವಿಸಾಪುರವೇ. 1818ರ ಮಾರ್ಚಿನಲ್ಲಿ ಬ್ರಿಟಿಷರು ಮೊದಲು ವಿಸಾಪುರ ಹಿಡಿದರು. ಅದು ಐವತ್ತು ಮೀಟರ್ ಎತ್ತರದಲ್ಲಿದ್ದುದರಿಂದ ಅಲ್ಲಿಂದ ಫಿರಂಗಿ ಹಾರಿಸುವುದು ಸುಲಭವಾಯಿತು. ಮರುದಿನವೇ ಲೋಹಗಡ ಬಿತ್ತು. ಪಕ್ಕದ ಗುಡ್ಡ ಒಂದಿಷ್ಟು ಎತ್ತರವಿದ್ದರೆ ಏನಾಗುತ್ತದೆ ಎಂಬುದು ಎರಡರ ನಡುವೆ ನಿಂತು ನೋಡಿದಾಗಲೇ ಅರ್ಥವಾಗುತ್ತದೆ.

ಈಗ ಅಕ್ಟೋಬರಿನ ಕಥೆ.

ನಾವು ಆರು ಜನ, ಎಲ್ಲರೂ ಪುಣೆಯ ನಮ್ಮ ಕನ್ನಡದ ಗುಂಪಿನವರೇ. ಪ್ಲಾನ್ ನನ್ನದು. ಭಾಜೆ, ವಿಸಾಪುರ, ಖಿಂಡ, ಲೋಹಗಡ, ಮತ್ತೆ ಭಾಜೆ. ಮೊಬೈಲಿನಲ್ಲಿ ಚಂದದ ಒಂದು ಉಂಗುರ ಬರೆದುಕೊಂಡಿದ್ದೆ. ಮಳವಲಿಯಲ್ಲಿ ಇಳಿದಾಗಲೇ ಹತ್ತು ಗಂಟೆ. ವಡಾಪಾವ್, ಚಹಾ, ಗುಹೆಯ ಮುಂದೆ ಫೋಟೊ. ವಿಸಾಪುರದ ಮೇಲೆ ಗಾಳಿಗೆ ಕಾಲು ಚಾಚಿ ಕೂತೆವು. ಇಳಿಯುವಾಗ ಗದಗಿನ ಗೆಳೆಯ ಮೊಣಕಾಲು ನೋಯುತ್ತಿದೆ ಎಂದ. ಖಿಂಡಕ್ಕೆ ಬಂದಾಗ ಮೂರೂವರೆ. ಅಲ್ಲಿ ಊರಿತ್ತು, ರಸ್ತೆಯಿತ್ತು, ಪ್ರವಾಸಿಗಳನ್ನು ಇಳಿಸಿ ನಿಂತ ಜೀಪುಗಳಿದ್ದವು. "ನಾ ಇಲ್ಲೇ ಕುಂದರ್ತೀನಿ, ನೀವು ಹೋಗಿ ಬರ್ರಿ" ಎಂದ ಅವನನ್ನು, "ಲೋಹಗಡಕ್ಕೆ ಮೆಟ್ಟಿಲಿದೆ ಕಣೋ, ಸುತ್ತು ಮುಗಿಸಿಯೇ ಹೋಗೋಣ" ಎಂದು ಎಬ್ಬಿಸಿದವನು ನಾನು.

ಮೆಟ್ಟಿಲು ಇದ್ದದ್ದು ನಿಜ. ಒಂದರ ಮೇಲೊಂದು ನಾಲ್ಕು ಬಾಗಿಲುಗಳನ್ನು ದಾಟಿ ಹತ್ತಿದೆವು. ಮೇಲೆ ಹೋದ ಮೇಲೆ, ಚೇಳಿನ ಬಾಲದಂತೆ ಉದ್ದಕ್ಕೆ ಚಾಚಿದ 'ವಿಂಚೂಕಾಟಾ' ನೋಡದೆ ಬರುವುದುಂಟೇ? ಕೆಳಗಿಳಿದಾಗ ಐದೂವರೆ. ಅಷ್ಟರಲ್ಲಿ ಜೀಪುಗಳು ಹೊರಟುಹೋಗಿದ್ದವು. ಗೆಳೆಯನಿಗೆ ಮೊಣಕಾಲು ಮಡಿಸಲೇ ಆಗುತ್ತಿರಲಿಲ್ಲ. ರಸ್ತೆಯ ತಿರುವುಗಳನ್ನು ಉಳಿಸೋಣವೆಂದು ನಾನು ಕಾಡಿನ ಕಾಲುದಾರಿ ಹಿಡಿಸಿದೆ. ಆರೂವರೆಗೆ ಮರಗಳ ಕೆಳಗೆ ಕಾಲೇ ಕಾಣಿಸದಷ್ಟು ಕತ್ತಲು. ದಾರಿ ಕವಲೊಡೆದಾಗ ತಪ್ಪು ಕವಲು ಹಿಡಿದೆ. ಆರು ಜನರ ನಡುವೆ ಚಾರ್ಜ್ ಉಳಿದ ಫೋನು ಎರಡು. ಕೊನೆಗೆ ತಲೆಯ ಮೇಲೆ ಸೌದೆ ಹೊರೆ ಹೊತ್ತು ಹೊರಟಿದ್ದ ಹಳ್ಳಿಯ ಹಿರಿಯರೊಬ್ಬರು ಸಿಕ್ಕಿ, ಭಾಜೆಯ ದೀಪ ಕಾಣುವವರೆಗೆ ನಮ್ಮ ಮುಂದೆ ನಡೆದರು. ಸ್ಟೇಷನ್ ಮುಟ್ಟಿದಾಗ ಒಂಬತ್ತು.

ಗೆಳೆಯ ಮೂರು ವಾರ ಕುಂಟಿದ. ಬೈಯಲಿಲ್ಲ. ಸುಮ್ಮನೆ ನನ್ನ ಮೆಸೇಜುಗಳಿಗೆ ಹೆಬ್ಬೆರಳಿನ ಚಿತ್ರವಷ್ಟೇ ಕಳಿಸತೊಡಗಿದ. ಬೈದಿದ್ದರೆ ಹಗುರಾಗುತ್ತಿತ್ತು.

ಆಫೀಸಿನಲ್ಲಿ ನಾನು ರೋಲ್‌ಬ್ಯಾಕ್ ಪ್ಲಾನ್ ಇಲ್ಲದೆ ಒಂದು ಸಣ್ಣ ಬದಲಾವಣೆಯನ್ನೂ ರಿಲೀಸ್ ಮಾಡುವವನಲ್ಲ. ಏನಾದರೂ ಕೆಟ್ಟರೆ ಎಷ್ಟು ಗಂಟೆಯೊಳಗೆ ಹಿಂದಕ್ಕೆ ತಿರುಗಿಸಬೇಕು, ಆ ನಿರ್ಧಾರ ಯಾರದು, ಎಲ್ಲ ಮೊದಲೇ ಬರೆದಿರುತ್ತೇವೆ. ಐದು ಜನ ಗೆಳೆಯರನ್ನು ಗುಡ್ಡಕ್ಕೆ ಕರೆದೊಯ್ಯುವಾಗ ಅದು ಯಾವುದೂ ನೆನಪಾಗಲಿಲ್ಲ. ಯಾಕೆ ಎಂದು ಬಹಳ ಯೋಚಿಸಿದೆ. ಹೋದ ದಾರಿಯಲ್ಲೇ ವಾಪಸು ಬರುವ ನಡಿಗೆಯಲ್ಲಿ ಎಲ್ಲಿ ಬೇಕಾದರೂ ತಿರುಗಬಹುದು, ತಿರುಗಿದರೆ ಅವಮಾನವಿಲ್ಲ. ಸುತ್ತು ದಾರಿ ಹಾಗಲ್ಲ. ನಕ್ಷೆಯ ಮೇಲೆ ಉಂಗುರ ಬರೆದುಬಿಟ್ಟರೆ ಅದನ್ನು ಕೂಡಿಸದೆ ಬರುವುದು ಸೋಲಿನ ಹಾಗೆ ಕಾಣುತ್ತದೆ. ಅರ್ಧ ದಾಟಿದ ಮೇಲೆ ಹಿಂದೆ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ. ಹಾಗಾಗಿ ಎಲ್ಲರೂ ಮುಂದೆಯೇ ಹೋಗುತ್ತಾರೆ, ಕುಂಟುವವನೂ ಸಹ.

ಆದ್ದರಿಂದ ಸುತ್ತು ದಾರಿಯ ಪ್ಲಾನ್ ಎಂದರೆ ಉಂಗುರ ಬರೆಯುವುದಲ್ಲ. ಆ ಉಂಗುರವನ್ನು ಎಲ್ಲೆಲ್ಲಿ ಕತ್ತರಿಸಬಹುದು, ಎಷ್ಟು ಗಂಟೆಯ ಮೇಲೆ ಕತ್ತರಿಸಲೇಬೇಕು ಎಂಬುದನ್ನು ಮನೆಯಲ್ಲೇ ಬರೆಯುವುದು. ಗುಡ್ಡದ ಮೇಲೆ ಬರೆಯಲಾಗುವುದಿಲ್ಲ. ಅಲ್ಲಿ ಗಾಳಿ ತಂಪಾಗಿರುತ್ತದೆ, ಮುಂದಿನ ತುದಿ ಹತ್ತಿರ ಕಾಣುತ್ತದೆ.

ಡಿಸೆಂಬರಿನಲ್ಲಿ ಅಪ್ಪ ಬಂದರು. ವಯಸ್ಸು ಎಪ್ಪತ್ತೊಂದು. ಹನ್ನೊಂದನೆಯ ಮಹಡಿಯ ನಮ್ಮ ಫ್ಲಾಟಿನಲ್ಲಿ ಮೂರು ವಾರ ಬಾಲ್ಕನಿಯಿಂದ ಪಾರ್ಕಿಂಗ್ ನೋಡಿದರು. ಕಾಂಪೌಂಡಿನೊಳಗಿನ ವಾಕಿಂಗ್ ಟ್ರ್ಯಾಕಿನಲ್ಲಿ ಒಂದು ದಿನ ನಡೆದು, "ಇದು ಗಾಣದೆತ್ತಿನ ಕೆಲಸ, ನನಗೆ ಬೇಡ" ಎಂದು ನಿಲ್ಲಿಸಿದರು. ಊಟ ಕಡಿಮೆಯಾಯಿತು. ಊರಿಗೆ ಟಿಕೆಟ್ ಯಾವಾಗ ಎಂದು ಕೇಳತೊಡಗಿದರು. ಆಗ ಮಳವಲಿ ನೆನಪಾಯಿತು. ನೆನಪಾದ ಕೂಡಲೇ ಅಕ್ಟೋಬರಿನ ಕತ್ತಲೂ ನೆನಪಾಯಿತು.

ಈ ಸಲ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸೂರ್ಯಾಸ್ತ. ಜನವರಿ ಮಧ್ಯದಲ್ಲಿ ಇಲ್ಲಿ ಸುಮಾರು 6.15. ಅದಕ್ಕೆ ಒಂದು ಗಂಟೆ ಮುಂಚೆ ಸ್ಟೇಷನ್ನಿನಲ್ಲಿರಬೇಕು ಎಂದು ಗೆರೆ ಎಳೆದೆ. ಲೋಕಲ್ ರೈಲುಗಳು ಎಲ್ಲ ಹೊತ್ತಿನಲ್ಲೂ ಒಂದೇ ಸಮ ಇರುವುದಿಲ್ಲ, ಮಧ್ಯಾಹ್ನ ಕಡಿಮೆ. ಹೋಗುವ ರೈಲಿಗಿಂತ ಬರುವ ರೈಲುಗಳ ಸಮಯವನ್ನು ಮೊದಲು ಬರೆದುಕೊಳ್ಳಬೇಕು.

ಆಮೇಲೆ ನಡಿಗೆಯ ಲೆಕ್ಕ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಪರ್ವತಾರೋಹಿ ಕೊಟ್ಟ ಸೂತ್ರವನ್ನು ಇಂದಿಗೂ ಬಳಸುತ್ತಾರೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ವಿಸಾಪುರ ಬಿಟ್ಟೆ. ಲೋಹಗಡ ಸೇರಿ ನನ್ನ ಹೊಸ ಸುತ್ತು ಸುಮಾರು 14 ಕಿ.ಮೀ., ಏರು 400 ಮೀಟರಿಗೆ ತುಸು ಹೆಚ್ಚು. ಸೂತ್ರದ ಪ್ರಕಾರ ಮೂರೂವರೆ ಗಂಟೆ. ಆದರೆ ಅದು ಗಟ್ಟಿ ಕಾಲಿನವರ, ನಿಲ್ಲದೆ ನಡೆಯುವವರ ಲೆಕ್ಕ. ಗುಂಪು ನಡೆಯುವುದು ಅತಿ ನಿಧಾನದವರ ವೇಗದಲ್ಲಿ. ಹಾಗಾಗಿ ಎರಡರಿಂದ ಗುಣಿಸಿದೆ: ಏಳು ಗಂಟೆ. ಗುಹೆ, ಊಟ, ಉಸಿರಾಟಕ್ಕೆ ಒಂದೂವರೆ. ಬೆಳಿಗ್ಗೆ 8ಕ್ಕೆ ಹೊರಟರೆ 4.30ಕ್ಕೆ ವಾಪಸು.

ಕೊನೆಗೆ ಕತ್ತರಿ ಹಾಕುವ ಜಾಗ. ಊರು, ರಸ್ತೆ, ವಾಹನ ಮೂರೂ ಇರುವ ಗಾಯಮುಖ ಖಿಂಡಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ 11.30 ಎಂದು ಬರೆದೆ. ಅಷ್ಟರೊಳಗೆ ಮುಟ್ಟಿದರೆ ಕೋಟೆ ಹತ್ತಿಳಿಯಲು ಮೂರು ಗಂಟೆ, ಊಟಕ್ಕೆ ಅರ್ಧ, ಇಳಿಯಲು ಎರಡು; 5ಕ್ಕೆ ಸ್ಟೇಷನ್. ಮುಟ್ಟದಿದ್ದರೆ ಕೋಟೆ ಇಲ್ಲ. ಇಳಿಯುವುದು ಕಾಡಿನ ದಾರಿಯಲ್ಲಲ್ಲ, ರಸ್ತೆಯಲ್ಲೇ.

ಇನ್ನು ಸಣ್ಣಪುಟ್ಟವು. ತಲೆಗೆ 3 ಲೀಟರ್ ನೀರು. ಕೋಟೆಯ ಹೊಂಡಗಳ ನೀರು ಕುಡಿಯಲು ನೆಚ್ಚುವಂಥದಲ್ಲ. ಇಂಟರ್ನೆಟ್ ಇಲ್ಲದೆ ತೆರೆಯುವ ನಕ್ಷೆ, ಜೊತೆಗೆ ಒಂದು ನಿಜವಾದ ಟಾರ್ಚ್. ಎಷ್ಟು ಗಂಟೆಗೆ ಬರುತ್ತೇವೆ, ಬಾರದಿದ್ದರೆ ಯಾವಾಗ ಫೋನ್ ಮಾಡಬೇಕು ಎಂದು ಮನೆಯಲ್ಲೊಬ್ಬರಿಗೆ ಹೇಳಿರುವುದು. ಹಳ್ಳಿಯವರನ್ನು ದಾರಿ ಕೇಳುವಾಗ ಎಷ್ಟು ದೂರ ಎನ್ನಬೇಡಿ. "ಜವಳಚ್ ಆಹೆ" ಎನ್ನುತ್ತಾರೆ, ನಮ್ಮೂರ ಕೂಗಳತೆಯ ಹಾಗೆ. ಅದು ನೂರು ಮೀಟರೂ ಆಗಬಹುದು, ಮೂರು ಕಿಲೋಮೀಟರೂ ಆಗಬಹುದು. ಎಷ್ಟು ಹೊತ್ತು ಬೇಕು ಎಂದು ಕೇಳಿ, ಅವರು ಹೇಳಿದ್ದನ್ನು ದುಪ್ಪಟ್ಟು ಮಾಡಿ. ಮಳೆಗಾಲದಲ್ಲಿ ಈ ಗುಡ್ಡಗಳು ಬಹಳ ಚೆಲುವು, ಆದರೆ ವಿಸಾಪುರದ ಒಂದು ದಾರಿಯಲ್ಲಿ ಮೆಟ್ಟಿಲುಗಳ ಮೇಲೇ ನೀರು ಹರಿಯುತ್ತದೆ, ವಾರಾಂತ್ಯದಲ್ಲಿ ಜಾತ್ರೆಯ ಜನ. ಹಿರಿಯರನ್ನು, ಮಕ್ಕಳನ್ನು ಕರೆದೊಯ್ಯುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ.

ಎಲ್ಲ ಬರೆದು ಗದಗಿನ ಗೆಳೆಯನಿಗೆ ಕಳಿಸಿದೆ. ಹೆಬ್ಬೆರಳು ಬರಲಿಲ್ಲ, ಫೋನೇ ಬಂತು. "ಪ್ಲಾನ್ ಚಲೋ ಐತಿ. ಆದ್ರ ಗಡಿಯಾರ ನನ್ನ ಕೈಯಾಗ ಕೊಡ್ತಿದ್ರ ಬರ್ತೀನಿ" ಎಂದ. ಕೊಟ್ಟೆ.

ಹೀಗೆ ಜನವರಿಯ ಒಂದು ಭಾನುವಾರ ನಾವು ಮೂವರು ಮಳವಲಿಯಲ್ಲಿ ಇಳಿದೆವು. ಭಾಜೆಯ ದೊಡ್ಡ ಚೈತ್ಯದೊಳಗೆ ಅಪ್ಪ ಕತ್ತೆತ್ತಿ ನಿಂತವರು ನಿಂತೇ ಇದ್ದರು. ಕಮಾನಿನ ಚಾವಣಿಗೆ ಉದ್ದಕ್ಕೂ ಮರದ ಪಕ್ಕೆಗಳನ್ನು ಕೂರಿಸಿದ್ದಾರೆ, ನಮ್ಮ ಹೆಂಚಿನ ಮನೆಯ ಪಕಾಸಿಗಳ ಹಾಗೆ. "ಇಡೀ ಗುಡ್ಡವೇ ಮಾಡು ಆಗಿರುವಾಗ ಪಕಾಸಿ ಯಾಕೆ?" ಎಂದರು. ಭಾರ ಹೊರಲು ಅಲ್ಲ. ಮರದ ಮನೆ ಕಟ್ಟಿ ರೂಢಿಯಿದ್ದವರು ಕಲ್ಲು ಕೊರೆಯಲು ಕಲಿತಾಗ ಕಣ್ಣಿಗೆ ಪಕಾಸಿ ಬೇಕಾಯಿತು. ಅಲ್ಲಿನ ಕಂಬಗಳೂ ತುಸು ಒಳಕ್ಕೆ ವಾಲಿವೆ. ಮರದ ಕಂಬಕ್ಕೆ ಆ ವಾಲು ಬೇಕು, ಬಂಡೆಗೆ ಬೇಕಿಲ್ಲ. ಅಪ್ಪ ಒಂದೊಂದೇ ಕಂಬದ ಹತ್ತಿರ ಹೋಗಿ ವಾಲು ನೋಡಿದರು. ಅಲ್ಲೇ ಇಪ್ಪತ್ತು ನಿಮಿಷ ಹೆಚ್ಚಾಯಿತು. ಗೆಳೆಯ ಗಡಿಯಾರ ನೋಡಿಕೊಂಡ, ಏನೂ ಹೇಳಲಿಲ್ಲ.

ಹೊರಗೆ ಬಂದು ಕಣಿವೆಯ ಆಚೆ ಬದಿಯ ಗುಡ್ಡ ತೋರಿಸಿದೆ. ಅಲ್ಲಿ ಕಾರ್ಲಾ ಗುಹೆಗಳಿವೆ. ಅಲ್ಲಿನ ಮಹಾಚೈತ್ಯ ದೇಶದಲ್ಲೇ ದೊಡ್ಡದು. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅಲ್ಲೊಂದು ಬ್ರಾಹ್ಮಿ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಪ್ಪ ಬಹಳ ಹೊತ್ತು ಆ ಗುಡ್ಡವನ್ನೇ ನೋಡಿದರು. "ಬನವಾಸಿಯವ? ಎರಡು ಸಾವಿರ ವರ್ಷದ ಹಿಂದೆ? ಇಷ್ಟು ದೂರ?" ಬನವಾಸಿ ಇರುವುದು ನಮ್ಮ ಶಿರಸಿ ತಾಲ್ಲೂಕಿನಲ್ಲೇ, ಅಪ್ಪ ಪ್ರತಿ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಊರು. ಆಮೇಲೆ ಅವರು ನನ್ನ ಕಡೆ ನೋಡಿ, "ಅವನಾದರೂ ದುಡಿದದ್ದರಲ್ಲಿ ಏನೋ ಒಂದು ಮಾಡಿಸಿ ಹೋದ" ಎಂದು ನಕ್ಕರು. ನನ್ನ ಹೋಮ್ ಲೋನ್ ಬಾಕಿ ಅವರಿಗೆ ಗೊತ್ತು.

ಊರ ಹಿಂದಿನ ಕಾಲುದಾರಿ ಹಿಡಿದು ಏರತೊಡಗಿದ ಮೇಲೆ ಅಪ್ಪ ಬೇರೆಯೇ ಮನುಷ್ಯರಾದರು. ನಿಧಾನ, ಆದರೆ ಒಂದೇ ಸಮ. ನಾನು ಬೇಗ ಹೋಗಿ ನಿಂತು ಏದುಸಿರು ಬಿಡುತ್ತಿದ್ದೆ. ಅವರು ನಿಲ್ಲದೆ ಬಂದು ಮುಂದೆ ಹೋಗುತ್ತಿದ್ದರು. ಇದು ನೇರಳೆ, ಇದು ಅಳಲೆ, ಇದು ಕವಳೆ ಎಂದು ಮರಗಿಡಗಳನ್ನು ಹೆಸರು ಹಿಡಿದು ಮಾತಾಡಿಸಿದರು. ಹಣ್ಣಿನ ಕಾಲವಲ್ಲ, ಆದರೂ ಕವಳೆಯ ಮುಳ್ಳು ಶರ್ಟಿಗೆ ಸಿಕ್ಕಿಕೊಂಡಾಗ ಬೈಯಲಿಲ್ಲ. ಎರಡೆರಡು ಸಲ ಕೂತು ನೀರು ಕುಡಿದೆವು.

ಖಿಂಡ ಮುಟ್ಟಿದಾಗ ಗೆಳೆಯ ಗಡಿಯಾರವನ್ನು ನನ್ನ ಮುಖದ ಮುಂದೆ ಹಿಡಿದ. 11.50.

ಎದುರಿಗೆ ಲೋಹಗಡ. ಮೆಟ್ಟಿಲ ಸಾಲು, ಗೋಡೆ ಎಲ್ಲ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಪ್ಪ ಕೈಯನ್ನು ಹಣೆಗಡ್ಡ ಹಿಡಿದು ನೋಡುತ್ತಿದ್ದರು. ಮೂರು ವಾರದಲ್ಲಿ ಅವರ ಮುಖದಲ್ಲಿ ಅಷ್ಟು ಆಸೆ ಕಂಡಿರಲಿಲ್ಲ. ಬರೀ ಇಪ್ಪತ್ತು ನಿಮಿಷ. ಅಪ್ಪ ಚೆನ್ನಾಗಿಯೇ ನಡೆದಿದ್ದಾರೆ. ಊಟ ಬೇಗ ಮುಗಿಸಿದರಾಯಿತು. "ಅಪ್ಪಾ, ಹೋಗಿ ಬಂದೇಬಿಡೋಣ" ಎಂದೆ.

ಗೆಳೆಯ ನನ್ನನ್ನೇ ನೋಡಿದ. ಅಕ್ಟೋಬರಿನಲ್ಲೂ ನನ್ನ ದನಿ ಹೀಗೇ ಇತ್ತೆಂಬುದು ಆ ನೋಟದಲ್ಲಿತ್ತು.

ಅಪ್ಪ ಹತ್ತಿರದ ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಚ್ಚಿದರು. "ತಮ್ಮಾ, ಗಂಟೆ ಬರೆದವ ನೀನು. ಅಳಿಸಲಿಕ್ಕೆ ಹೊರಟವನೂ ನೀನೇ. ನನಗೆ ಹತ್ತಲಿಕ್ಕೆ ಆದೀತು. ಇಳಿಯುವುದರ ಮೇಲೆ ಭರವಸೆ ಇಲ್ಲ. ಊಟ ಎಲ್ಲಿ?" ಎಂದರು.

ಲೋಹಗಡವಾಡಿಯ ಒಂದು ಮನೆಯ ಜಗುಲಿಯಲ್ಲಿ ಬಿಸಿ ಭಾಕ್ರಿ, ಪಿಠಲೆ, ಹಸಿಮೆಣಸಿನಕಾಯಿಯ ಠೇಚಾ ಉಂಡೆವು. ಅಪ್ಪ ಎರಡನೆಯ ಭಾಕ್ರಿ ಕೇಳಿ ಹಾಕಿಸಿಕೊಂಡರು. ಗೆಳೆಯ ಮನೆಯವರೊಡನೆ ಜೋಳದ ರೇಟು ಮಾತಾಡಿದ. ಒಂದು ಗಂಟೆಗೆ ಎದ್ದು ರಸ್ತೆಯಲ್ಲೇ ಇಳಿದೆವು. ಇಳಿಜಾರಿನ ಕೊನೆಯ ಭಾಗದಲ್ಲಿ ಅಪ್ಪ ನನ್ನ ಭುಜ ಹಿಡಿದರು. ಮೊದಲು ಒಂದು ಕೈ, ಆಮೇಲೆ ಪೂರ್ತಿ ಭಾರ. ಅದೇ ಭಾರವನ್ನು ಕೋಟೆಯ ಮೆಟ್ಟಿಲುಗಳ ಮೇಲೆ, ಐದು ಗಂಟೆಯ ಹೊತ್ತಿಗೆ ಹಿಡಿಯಬೇಕಾಗಿ ಬಂದಿದ್ದರೆ? ಆ ಪ್ರಶ್ನೆಯನ್ನು ನಾನೂ ಗೆಳೆಯನೂ ಬಾಯಿಬಿಟ್ಟು ಆಡಲಿಲ್ಲ. ಮೂರೂಕಾಲಿಗೆ ಮಳವಲಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ಗೆಳೆಯ ಗಡಿಯಾರ ಬಿಚ್ಚಿ ವಾಪಸು ಕೊಟ್ಟ.

ಚೆನ್ನೈಯವರು ಇದೇ ಲೆಕ್ಕವನ್ನು ಸೆಂಜಿ ಕೋಟೆಗೆ ಹಾಕಬಹುದು. ಯುನೆಸ್ಕೊದ ಅದೇ ಹನ್ನೆರಡರ ಪಟ್ಟಿಯಲ್ಲಿ ಅದೂ ಇದೆ. ದೆಹಲಿಯವರಿಗೆ ಮೆಹ್ರೌಲಿಯ ಸಂಜಯ ವನದ ಕಾಡು, ಅದರೊಳಗಿನ ಹಳೆಯ ಕೋಟೆಗೋಡೆಗಳಿವೆ. ಮುಂಬೈಯವರು ಲೋನಾವಳಾದಲ್ಲಿ ಇಳಿದು ಪುಣೆಯ ಲೋಕಲ್ ಹಿಡಿದರೆ ಮುಂದಿನದೇ ಮಳವಲಿ. ಎಲ್ಲಿಗೇ ಹೋಗಿ, ಹೊರಡುವ ಮುಂಚೆ ಒಂದು ಜಾಗ, ಒಂದು ಗಂಟೆ ಬರೆದುಕೊಳ್ಳಿ. ಗಡಿಯಾರವನ್ನು ಮಾತ್ರ ಪ್ಲಾನ್ ಮಾಡಿದವರ ಕೈಯಲ್ಲಿ ಬಿಡಬೇಡಿ.

ರಾತ್ರಿ ಮತ್ತೆ ಚಿಕ್ಕಪ್ಪನ ಫೋನು. ಅಪ್ಪ ಪಕಾಸಿಗಳ ಬಗ್ಗೆ, ಬನವಾಸಿಯ ಸೆಟ್ಟಿಯ ಬಗ್ಗೆ ಇಪ್ಪತ್ತು ನಿಮಿಷ ಹೇಳಿದರು. ಕೋಟೆ ಹೇಗಿತ್ತು ಎಂದು ಆ ಕಡೆಯಿಂದ ಕೇಳಿರಬೇಕು.

"ಕೋಟೆಯಾ? ಅದನ್ನು ಬಾಕಿ ಇಟ್ಟು ಬಂದೇವೆ" ಎಂದರು. ಊರಿನ ಟಿಕೆಟಿನ ಮಾತು ಆ ವಾರ ಬರಲಿಲ್ಲ.